ಅರ್ಜಿ ಕಚೇರಿಗೆ, ಸದ್ದು ಪಕ್ಕದ ಮನೆಗೆ: ಬ್ರಿಟನ್ನಿನ ಸಿಡಿಮದ್ದು ಪ್ರದರ್ಶನಗಳೂ ಪೂರ್ವಸೂಚನೆಯ ನಿಯಮಗಳೂ

ಇಂಗ್ಲೆಂಡಿನ ಒಂದು ಕ್ರೀಡಾ ಕ್ಲಬ್ಬು ತನ್ನ ಸ್ವಂತ ಮೈದಾನದಲ್ಲಿ ಟಿಕೆಟ್ ಮಾರಿ, ಸಾವಿರಾರು ಜನರನ್ನು ಸೇರಿಸಿ, ಇಪ್ಪತ್ತು ನಿಮಿಷ ಆಕಾಶ ಬೆಳಗುವಂತೆ ಸಿಡಿಮದ್ದು ಸುಡಬೇಕೆಂದುಕೊಂಡಿದೆ ಎನ್ನಿ. ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಅದಕ್ಕೆ ಅನುಮತಿ ತರಬೇಕೆ? ಬೇಕಿಲ್ಲ. ಅಲ್ಲಿ ಬಿಯರ್ ಮಾರುವುದಾದರೆ ಪರವಾನಗಿ ಬೇಕು, ವೇದಿಕೆ ಹಾಕಿ ವಾದ್ಯಗೋಷ್ಠಿ ನಡೆಸಿದರೆ ಸಂದರ್ಭ ನೋಡಿಕೊಂಡು ಅದಕ್ಕೂ ಬೇಕಾಗಬಹುದು. ಮದ್ದನ್ನು ಹೆಚ್ಚು ಪ್ರಮಾಣದಲ್ಲಿ ದಾಸ್ತಾನು ಮಾಡಿದರೆ ಅದರ ನಿಯಮಗಳು ಬೇರೆ. ಆದರೆ ಸಾರ್ವಜನಿಕರ ಮುಂದೆ ಸಿಡಿಮದ್ದು ಸುಡುವುದು ಎಂಬ ಕ್ರಿಯೆಗೆ ಮಾತ್ರ ಪ್ರತ್ಯೇಕ ಪರವಾನಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಲ್ಲ. ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ, ಕೌನ್ಸಿಲ್‌ಗೆ ಮುಂಚಿತವಾಗಿ ತಿಳಿಸಿ ಎಂದು ಸರ್ಕಾರದ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಮಾರ್ಗದರ್ಶಿ ಹೇಳುತ್ತದೆ. ಹೇಳುತ್ತದೆ, ಅಷ್ಟೇ.

ಪ್ರತಿ ವರ್ಷ ನವೆಂಬರ್ 5ರ ಆಸುಪಾಸಿನಲ್ಲಿ ಅಲ್ಲಿ ಒಂದೇ ಬಗೆಯ ಜಗಳ ಮರುಕಳಿಸುವುದಕ್ಕೆ ಈ ಸಡಿಲತೆಯೇ ಅರ್ಧ ಕಾರಣ. 1605ರಲ್ಲಿ ಸಂಸತ್ತನ್ನು ಮದ್ದಿಟ್ಟು ಉಡಾಯಿಸುವ ಸಂಚು ಬಯಲಾದ ನೆನಪಿನ ದಿನ ಅದು. ಶಾಲೆ, ಚರ್ಚು, ರೋಟರಿ, ಫುಟ್‌ಬಾಲ್ ಕ್ಲಬ್ಬು ಎಲ್ಲರೂ ತಮ್ಮ ತಮ್ಮ ಅಂಗಳದಲ್ಲಿ ಒಂದೊಂದು ಪ್ರದರ್ಶನ ಇಟ್ಟುಕೊಳ್ಳುತ್ತಾರೆ. ಒಂದೇ ದಿನ ಎಲ್ಲವೂ ಮುಗಿದರೆ ಜನ ಹೇಗೋ ತಡೆದುಕೊಂಡಾರು. ಆದರೆ 5ನೇ ತಾರೀಕು ವಾರದ ನಡುವೆ ಬಂದರೆ ಹಿಂದಿನ ಶನಿವಾರವೂ ಮುಂದಿನ ಶನಿವಾರವೂ ಸೇರಿಕೊಳ್ಳುತ್ತವೆ. ಅದರ ಹಿಂದೆಮುಂದೆ ದೀಪಾವಳಿ, ಆಮೇಲೆ ಹೊಸ ವರ್ಷ. ಪಟಾಕಿಯನ್ನೇ ನಿಲ್ಲಿಸಿ ಎನ್ನುವವರು ಇದ್ದಾರೆ. ಆದರೆ ಹೆಚ್ಚಿನವರು ಕೇಳುವುದು ಅಷ್ಟು ದೊಡ್ಡದನ್ನಲ್ಲ. ಯಾವತ್ತು, ಎಷ್ಟು ಹೊತ್ತಿಗೆ ಎಂದು ಮೊದಲೇ ಹೇಳಿಬಿಡಿ ಎನ್ನುತ್ತಾರೆ. ಇಷ್ಟು ಸಣ್ಣ ಬೇಡಿಕೆ ಈಡೇರದಿರುವುದು ಏಕೆ ಎಂಬುದೇ ಇಲ್ಲಿನ ಪ್ರಶ್ನೆ.

ಕಾನೂನು ಎಲ್ಲಿದೆ, ಎಲ್ಲಿಲ್ಲ

ಕಾನೂನೇ ಇಲ್ಲವೆಂದಲ್ಲ. 2003ರ ಫೈರ್‌ವರ್ಕ್ಸ್ ಕಾಯ್ದೆಯಿದೆ, ಅದರ ಕೆಳಗೆ 2004ರ ನಿಯಮಗಳಿವೆ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಸುಡುವಂತಿಲ್ಲ. ನವೆಂಬರ್ 5ರಂದು ಮಧ್ಯರಾತ್ರಿಯವರೆಗೆ ವಿನಾಯಿತಿ. ದೀಪಾವಳಿ, ಚೀನೀ ಹೊಸ ವರ್ಷ ಮತ್ತು ಡಿಸೆಂಬರ್ 31ರ ರಾತ್ರಿ 1 ಗಂಟೆಯವರೆಗೆ. ಬ್ರಿಟನ್ನಿನ ನಿಯಮಾವಳಿಯೊಳಗೆ ದೀಪಾವಳಿಯ ಹೆಸರು ಅಚ್ಚಾಗಿರುವ ಕೆಲವೇ ಜಾಗಗಳಲ್ಲಿ ಇದೂ ಒಂದಿರಬೇಕು. 18 ವರ್ಷದೊಳಗಿನವರು ಸಾರ್ವಜನಿಕ ಸ್ಥಳದಲ್ಲಿ ಪಟಾಕಿ ಇಟ್ಟುಕೊಂಡಿರುವುದು ಅಪರಾಧ. ಅಂಗಡಿಯಲ್ಲಿ ಸಿಗುವ ಪಟಾಕಿಯ ಸದ್ದಿಗೆ 120 ಡೆಸಿಬಲ್ ಮಿತಿ. ಇನ್ನು ರಸ್ತೆಯಲ್ಲಿ ಪಟಾಕಿ ಎಸೆಯುವುದನ್ನು 1875ರ ಸ್ಫೋಟಕಗಳ ಕಾಯ್ದೆಯೇ ನಿಷೇಧಿಸಿದೆ. ವಿಕ್ಟೋರಿಯಾ ರಾಣಿಯ ಕಾಲದ ಆ ಕಲಮು ಇಂದಿಗೂ ಜೀವಂತ.

ಇವೆಲ್ಲ ಯಾರು ಸುಡಬಹುದು, ಎಷ್ಟು ಹೊತ್ತಿನವರೆಗೆ, ಎಷ್ಟು ಜೋರಾಗಿ ಎಂಬುದನ್ನು ಹೇಳುತ್ತವೆ. ಯಾರಿಗೆ ಮೊದಲು ಹೇಳಬೇಕು ಎಂಬುದನ್ನು ಹೇಳುವುದಿಲ್ಲ.

ಜಾರಿಯ ಹೊಣೆಯೂ ಹಂಚಿಹೋಗಿದೆ. ಮಾರಾಟದ ಮೇಲೆ ಕಣ್ಣಿಡುವುದು ಕೌನ್ಸಿಲ್‌ನ ವ್ಯಾಪಾರ ಮಾನದಂಡ ವಿಭಾಗ. ಹೊತ್ತು ಮೀರಿ ಸುಟ್ಟವರನ್ನು ಹಿಡಿಯಬೇಕಾದವರು ಪೊಲೀಸರು. ಅವರು ಬರುವಷ್ಟರಲ್ಲಿ ಅಲ್ಲಿ ಹೊಗೆಯಷ್ಟೇ ಉಳಿದಿರುತ್ತದೆ. ಸದ್ದಿನ ದೂರು ಹೋಗುವುದು ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗಕ್ಕೆ. 1990ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಉಪದ್ರವ ಎಂದು ಸಾಬೀತುಪಡಿಸಿ ನೋಟಿಸ್ ಕೊಡಬಹುದು ನಿಜ, ಆದರೆ ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುವ ಸದ್ದನ್ನು ಯಾವಾಗ ಅಳೆಯುವುದು, ಯಾವಾಗ ಸಾಕ್ಷಿ ಕೂಡಿಸುವುದು? ವಾರವಿಡೀ ಬೊಗಳುವ ನಾಯಿಗೆ, ರಾತ್ರಿಯಿಡೀ ಗುಂಯ್‌ಗುಡುವ ಕಾರ್ಖಾನೆಗೆ ಹೊಂದುವ ಕಾನೂನು ವರ್ಷಕ್ಕೊಮ್ಮೆ ಬರುವ ಸಿಡಿತಕ್ಕೆ ಹೊಂದುವುದಿಲ್ಲ.

ಇಲ್ಲಿ ಒಂದು ಸಣ್ಣ ವಿಚಿತ್ರವನ್ನೂ ಹೇಳಿಬಿಡಬೇಕು. ಕೌನ್ಸಿಲ್ ತಾನೇ ನಡೆಸುವ ಪ್ರದರ್ಶನದಲ್ಲಿ ಕೆಲಸ ಮಾಡುವ ತನ್ನ ನೌಕರರಿಗೆ ರಾತ್ರಿ 11ರ ಗಡಿ ಅನ್ವಯಿಸುವುದಿಲ್ಲ. ದೂರು ಕೇಳಿಸಿಕೊಳ್ಳಬೇಕಾದ ಸಂಸ್ಥೆಗೇ ಗಡಿಯಾರದಿಂದ ಬಿಡುಗಡೆ.

ಕೌನ್ಸಿಲ್‌ನ ಕೈ ಎಲ್ಲಿಯವರೆಗೆ ಚಾಚುತ್ತದೆ

ಹಾಗಾದರೆ ಕೌನ್ಸಿಲ್‌ಗೆ ಪ್ರದರ್ಶನದ ಸುದ್ದಿ ತಿಳಿಯುವುದು ಹೇಗೆ? ಮೂರು ದಾರಿಗಳಿವೆ, ಮೂರೂ ಸುತ್ತುಬಳಸಿನವು.

ಮೊದಲನೆಯದು ಜಮೀನು. ಪಾರ್ಕು, ಆಟದ ಮೈದಾನ ಕೌನ್ಸಿಲ್‌ನದೇ ಆಗಿದ್ದರೆ ಅದು ಜಾಗದ ಒಡೆಯನಾಗಿ ಬಾಡಿಗೆ ಕರಾರಿನಲ್ಲಿ ಏನು ಬೇಕಾದರೂ ಬರೆಸಬಹುದು: ವಿಮೆ ಇರಬೇಕು, ಅಪಾಯದ ಅಂದಾಜು ಪತ್ರ ಕೊಡಬೇಕು, ಸುತ್ತಲಿನ ಮನೆಗಳಿಗೆ ಪತ್ರ ಹಂಚಿರಬೇಕು. ಇಲ್ಲಿ ಅದರ ಮಾತಿಗೆ ಪೂರ್ತಿ ಬಲ.

ಎರಡನೆಯದು 2003ರ ಲೈಸೆನ್ಸಿಂಗ್ ಕಾಯ್ದೆಯ ತಾತ್ಕಾಲಿಕ ಕಾರ್ಯಕ್ರಮದ ಸೂಚನಾಪತ್ರ. 500ಕ್ಕಿಂತ ಕಡಿಮೆ ಜನ ಸೇರುವ ಕಾರ್ಯಕ್ರಮದಲ್ಲಿ ಮದ್ಯ ಮಾರುವುದಿದ್ದರೆ ಕನಿಷ್ಠ 10 ಪೂರ್ಣ ಕೆಲಸದ ದಿನಗಳ ಮೊದಲು ಇದನ್ನು ಸಲ್ಲಿಸಬೇಕು; ತಡವಾದ ಅರ್ಜಿಗೆ 5ರಿಂದ 9 ದಿನಗಳ ಇನ್ನೊಂದು ಕಿಂಡಿಯಿದೆ. ಈ ಪತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ವ್ಯವಸ್ಥೆಯ ಮನಸ್ಸು ಅರ್ಥವಾಗುತ್ತದೆ. ಅರ್ಜಿದಾರರ ಹೆಸರು, ಜಾಗ, ದಿನಾಂಕ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಒಮ್ಮೆಗೆ ಗರಿಷ್ಠ ಎಷ್ಟು ಜನ, ಮದ್ಯ ಅಲ್ಲೇ ಕುಡಿಯುವುದಕ್ಕೋ ಹೊರಗೆ ಒಯ್ಯುವುದಕ್ಕೋ ಎಂದೆಲ್ಲ ಕೇಳುತ್ತದೆ. ಕಾರ್ಯಕ್ರಮದ ಸ್ವರೂಪ ವಿವರಿಸಿ ಎಂಬ ಒಂದು ಅಂಕಣವೂ ಇದೆ. ಸಂಘಟಕರು ಅಲ್ಲಿ ಸಿಡಿಮದ್ದಿನ ಪ್ರಸ್ತಾಪ ಮಾಡಿದರೆ ಮಾಡಿದರು. ಸಿಡಿಮದ್ದು ಈ ಕಾಯ್ದೆಯ ಪ್ರಕಾರ ಪರವಾನಗಿ ಬೇಡುವ ಮನರಂಜನೆಯೇ ಅಲ್ಲ. ಪತ್ರದ ಪ್ರತಿ ಪೊಲೀಸರಿಗೂ ಪರಿಸರ ಆರೋಗ್ಯ ವಿಭಾಗಕ್ಕೂ ಹೋಗುತ್ತದೆ. ಆಕ್ಷೇಪ ಎತ್ತಲು ಅವರಿಗೆ ಮೂರು ಕೆಲಸದ ದಿನ. ಬೇರೆ ಯಾರೂ ಆಕ್ಷೇಪ ಎತ್ತುವಂತಿಲ್ಲ. ಮೈದಾನದ ಬೇಲಿಗೆ ಬೆನ್ನು ತಾಗಿಸಿಕೊಂಡಿರುವ ಮನೆಯವರಿಗೆ ಈ ಪ್ರಕ್ರಿಯೆಯಲ್ಲಿ ಸ್ಥಾನವೂ ಇಲ್ಲ, ಪ್ರತಿಯೂ ಇಲ್ಲ.

ಮೂರನೆಯದು ಸುರಕ್ಷತಾ ಸಲಹಾ ಗುಂಪು. ಕೌನ್ಸಿಲ್, ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಸೇವೆ ಮೊದಲಾದವರು ಒಂದು ಮೇಜಿನ ಸುತ್ತ ಕೂತು ದೊಡ್ಡ ಕಾರ್ಯಕ್ರಮಗಳ ಯೋಜನೆಯನ್ನು ನೋಡುತ್ತಾರೆ. ಹೆಸರೇ ಹೇಳುವಂತೆ ಸಲಹೆ ಮಾತ್ರ, ಆದೇಶವಲ್ಲ. ಆದರೂ ಜಾಗದ ಒಡೆತನವೋ ಸಂಘಟನೆಯ ಹೊಣೆಯೋ ಕೌನ್ಸಿಲ್‌ನದೇ ಆಗಿದ್ದಾಗ ಈ ಸಲಹೆಗೆ ಉಕ್ಕಿನ ಬಲ ಬರುತ್ತದೆ. 2025ರಲ್ಲಿ ಲೆಸ್ಟರ್ ನಗರದ ಹೆಸರಾಂತ ದೀಪಾವಳಿ ಉತ್ಸವದಲ್ಲಿ ದೀಪಾಲಂಕಾರ ಉಳಿದು, ಸಿಡಿಮದ್ದು ಮತ್ತು ವೇದಿಕೆ ಕಾರ್ಯಕ್ರಮ ಬಿಟ್ಟುಹೋಗಿದ್ದು ಜನದಟ್ಟಣೆಯ ಬಗ್ಗೆ ಇಂಥದೇ ಗುಂಪು ವ್ಯಕ್ತಪಡಿಸಿದ ಆತಂಕದಿಂದ.

ಈ ಮೂರೂ ದಾರಿಗಳಿಗೆ ಸಿಗದ ಪ್ರದರ್ಶನಗಳು ಯಾವುವು? ಖಾಸಗಿ ಜಮೀನಿನಲ್ಲಿ, ಮದ್ಯ ಮಾರಾಟವಿಲ್ಲದೆ ಅಥವಾ ಈಗಾಗಲೇ ಪರವಾನಗಿ ಇರುವ ಜಾಗದಲ್ಲಿ ನಡೆಯುವವು. ಮದುವೆ ನಡೆಸಿಕೊಡುವ ಹಳ್ಳಿಗಾಡಿನ ಹೋಟೆಲನ್ನು ಯೋಚಿಸಿ. ವರ್ಷವಿಡೀ ಚಾಲ್ತಿಯಲ್ಲಿರುವ ಪರವಾನಗಿ ಅದರ ಗೋಡೆಯ ಮೇಲಿರುತ್ತದೆ. ಜೂನ್ ತಿಂಗಳ ಯಾವುದೋ ಶುಕ್ರವಾರ ರಾತ್ರಿ ಹತ್ತೂವರೆಗೆ ವಧೂವರರ ಗೌರವಾರ್ಥ ಬಾನಬಿರುಸು ಹಾರಿದರೆ ಕೌನ್ಸಿಲ್‌ಗೂ ಗೊತ್ತಿಲ್ಲ, ಪಕ್ಕದ ಕುದುರೆ ಲಾಯದವರಿಗೂ ಗೊತ್ತಿಲ್ಲ. ನವೆಂಬರ್‌ನಲ್ಲಾದರೆ ಎಲ್ಲರೂ ಕಿವಿ ಮುಚ್ಚಿಕೊಳ್ಳಲು ಸಿದ್ಧರಾಗಿರುತ್ತಾರೆ. ಜೂನ್‌ನಲ್ಲಿ ಯಾರು ಸಿದ್ಧರಿರುತ್ತಾರೆ?

ನಿರ್ಣಯಗಳ ಭರಾಟೆ

ಪ್ರಾಣಿಗಳ ಮೇಲಿನ ಕ್ರೌರ್ಯದ ವಿರುದ್ಧ ದುಡಿಯುವ ಆರ್‌ಎಸ್‌ಪಿಸಿಎ ಸಂಸ್ಥೆ ಕೆಲವು ವರ್ಷಗಳಿಂದ ಕೌನ್ಸಿಲ್‌ಗಳ ಮುಂದೆ ಒಂದು ಮಾದರಿ ನಿರ್ಣಯವನ್ನು ಇಡುತ್ತಿದೆ. ಅನೇಕ ಕೌನ್ಸಿಲ್‌ಗಳು ಅದನ್ನು ಹೆಚ್ಚುಕಡಿಮೆ ಅದೇ ರೂಪದಲ್ಲಿ ಅಂಗೀಕರಿಸಿವೆ. ಅದರ ಮೊದಲ ಅಂಶವೇ ಪೂರ್ವಸೂಚನೆ: ತಮ್ಮ ವ್ಯಾಪ್ತಿಯ ಎಲ್ಲ ಸಾರ್ವಜನಿಕ ಸಿಡಿಮದ್ದು ಪ್ರದರ್ಶನಗಳನ್ನೂ ಮುಂಚಿತವಾಗಿ ಪ್ರಕಟಿಸುವಂತೆ ಮಾಡಬೇಕು, ಇದರಿಂದ ನಿವಾಸಿಗಳು ತಮ್ಮ ಪ್ರಾಣಿಗಳ ಮತ್ತು ದುರ್ಬಲರ ಕಾಳಜಿ ಮಾಡಿಕೊಳ್ಳಬಹುದು. ಉಳಿದವು ಜನಜಾಗೃತಿ, ಮಾರಾಟದ ಪಟಾಕಿಯ ಸದ್ದನ್ನು 90 ಡೆಸಿಬಲ್‌ಗೆ ಇಳಿಸಲು ಸರ್ಕಾರಕ್ಕೆ ಪತ್ರ, ಕಡಿಮೆ ಸದ್ದಿನ ಪಟಾಕಿ ಇಡುವಂತೆ ಅಂಗಡಿಗಳಿಗೆ ಉತ್ತೇಜನ.

ಸಭೆಯಲ್ಲಿ ಕೈ ಎತ್ತಿ ಅಂಗೀಕರಿಸಲು ಇದಕ್ಕಿಂತ ಹಿತವಾದ ನಿರ್ಣಯ ಸಿಗದು. ಯಾವ ಪಕ್ಷದವರೂ ನಾಯಿಮರಿಗೆ ವಿರುದ್ಧವಾಗಿ ಮತ ಹಾಕುವುದಿಲ್ಲ. ತೊಡಕು ಇರುವುದು ಮಾರನೆಯ ದಿನ. ನಿರ್ಣಯ ಕಾನೂನಲ್ಲ. ಕೌನ್ಸಿಲ್‌ನ ಸ್ವಂತ ಜಾಗದಲ್ಲಿ ಅದನ್ನು ಜಾರಿಗೆ ತರಬಹುದು. ಹೊರಗಿನ ಸಂಘಟಕರು ಸೂಚನೆ ಕೊಡದಿದ್ದರೆ ದಂಡ ಹಾಕುವ ಅಧಿಕಾರವೇ ಇಲ್ಲ. ಅಧಿಕಾರಿಗಳ ಟಿಪ್ಪಣಿಯಲ್ಲಿ ‘ಕಡ್ಡಾಯ’ ಹೋಗಿ ‘ಪ್ರೋತ್ಸಾಹಿಸಲಾಗುವುದು’ ಬರುವುದು ಹೀಗೆ. ಮುಂದಿನ ನವೆಂಬರ್‌ನಲ್ಲಿ ಕೌನ್ಸಿಲ್‌ನ ಜಾಲತಾಣದಲ್ಲಿ ಒಂದು ಪುಟ ತೆರೆದುಕೊಳ್ಳುತ್ತದೆ, ತಾವಾಗಿ ತಿಳಿಸಿದ ನಾಲ್ಕು ಸಂಘಟಕರ ಹೆಸರು ಅದರಲ್ಲಿರುತ್ತದೆ, ತಿಳಿಸದ ಹತ್ತರ ಸದ್ದು ಊರಿಗೆಲ್ಲ ಕೇಳಿಸುತ್ತದೆ. ನಿವಾಸಿಗಳಿಗೆ ಇದು ಮೊದಲಿಗಿಂತ ಕೆಟ್ಟ ಸ್ಥಿತಿ. ಏನೂ ಪಟ್ಟಿ ಇಲ್ಲದಿದ್ದಾಗ ಅವರು ಪ್ರತಿ ಸಂಜೆಯೂ ಎಚ್ಚರವಾಗಿರುತ್ತಿದ್ದರು. ಈಗ ಅರೆಬರೆ ಪಟ್ಟಿಯನ್ನು ನಂಬಿ ನಾಯಿಯನ್ನು ವಾಕಿಂಗ್‌ಗೆ ಕರೆದೊಯ್ಯುತ್ತಾರೆ.

ಆದ್ದರಿಂದ ಪೂರ್ವಸೂಚನೆಯ ವಿಷಯದಲ್ಲಿ ಅರ್ಧ ಕೆಲಸ ಮಾಡುವುದಕ್ಕೆ ಬೆಲೆ ಕಡಿಮೆ ಎನ್ನುವುದು ನನ್ನ ಅಭಿಪ್ರಾಯ. ಪಟ್ಟಿ ಪೂರ್ತಿ ಇರಬೇಕು, ಇಲ್ಲವೇ ಅದು ಪೂರ್ತಿಯಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರಬೇಕು.

ಎರಡು ವರ್ತುಲಗಳು

ಅಧಿಕಾರಿಗಳಿಗೆ ಹೋಗುವ ಸೂಚನೆ ಮತ್ತು ನೆರೆಯವರಿಗೆ ಹೋಗಬೇಕಾದ ಸೂಚನೆ ಒಂದೇ ಎಂದು ಎಲ್ಲರೂ ಭಾವಿಸಿಕೊಂಡಂತಿದೆ. ಎರಡರ ಉದ್ದೇಶವೂ ಬೇರೆ, ವ್ಯಾಪ್ತಿಯೂ ಬೇರೆ.

ಮೊದಲನೆಯದು ಸುರಕ್ಷತೆಯದು. ಮದ್ದು ಹಾರಿಸುವ ಜಾಗ, ಜನ ನಿಲ್ಲುವ ಜಾಗ, ಸುಟ್ಟ ಚೂರುಗಳು ಬೀಳುವ ಜಾಗ, ಗಾಳಿಯ ದಿಕ್ಕು, ತುರ್ತು ವಾಹನದ ದಾರಿ. ಸಮುದ್ರ ತೀರವಾದರೆ ಕರಾವಳಿ ಕಾವಲು ಪಡೆಗೂ ತಿಳಿಸಬೇಕು, ಇಲ್ಲದಿದ್ದರೆ ಕೆಂಪು ಬಾಣವನ್ನು ಯಾರೋ ದೋಣಿಯವರ ಅಪಾಯದ ಸಂಕೇತವೆಂದು ತಿಳಿದು ರಕ್ಷಣಾ ನೌಕೆ ಹೊರಟೀತು. ವಿಮಾನ ನಿಲ್ದಾಣ ಹತ್ತಿರವಿದ್ದರೆ ಅವರಿಗೂ ತಿಳಿಸಬೇಕು. ಈ ಸೂಚನೆ ಎಳೆಯುವ ವರ್ತುಲ ಸಣ್ಣದು. ಅಮೆರಿಕದಲ್ಲಿ ಬಳಕೆಯಲ್ಲಿರುವ, ಸಿಡಿಮದ್ದು ಪ್ರದರ್ಶನಗಳ ಸುರಕ್ಷತೆಯ ಎನ್‌ಎಫ್‌ಪಿಎ 1123 ಸಂಹಿತೆ ಗುಂಡಿನ ವ್ಯಾಸದ ಪ್ರತಿ ಅಂಗುಲಕ್ಕೆ 70 ಅಡಿ ಅಂತರ ಬಿಡಬೇಕೆನ್ನುತ್ತದೆ. ಆರು ಅಂಗುಲದ ಗುಂಡಿಗೆ 420 ಅಡಿ, ಅಂದರೆ ಸುಮಾರು 128 ಮೀಟರ್. ಆ ಗೆರೆಯ ಆಚೆ ನಿಂತವರ ಮೈಗೆ ಕಿಡಿ ಬೀಳದು. ಆದರೆ ಅದೇ ಗುಂಡಿನ ಸದ್ದು ಮೈಲಿಗಟ್ಟಲೆ ಹೋಗುತ್ತದೆ. ಎರಡನೆಯ ಸೂಚನೆ ಬೇಕಾಗಿರುವುದು ಈ ದೊಡ್ಡ ವರ್ತುಲದವರಿಗೆ. ಕಾನೂನಿನ ಕಣ್ಣಿಗೆ ಅವರು ಅಪಾಯದಲ್ಲಿಲ್ಲ, ಹಾಗಾಗಿ ಅವರಿಗೆ ಹೇಳುವುದು ಸೌಜನ್ಯದ ಲೆಕ್ಕಕ್ಕೆ ಬಿದ್ದಿದೆ.

ಅಧಿಕಾರಿಗಳಿಗೆ ತಿಳಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. 2011ರ ನವೆಂಬರ್ 4ರ ರಾತ್ರಿ ಟಾಂಟನ್ ಬಳಿ ಎಂ5 ಹೆದ್ದಾರಿಯಲ್ಲಿ ಸರಣಿ ಅಪಘಾತವಾಗಿ 7 ಜನ ಸತ್ತರು, 51 ಜನ ಗಾಯಗೊಂಡರು. ಹೆದ್ದಾರಿಯ ಪಕ್ಕದ ರಗ್ಬಿ ಕ್ಲಬ್ಬಿನಲ್ಲಿ ಆಗಷ್ಟೇ ಸಿಡಿಮದ್ದು ಪ್ರದರ್ಶನ ನಡೆದಿತ್ತು. ಹೊಗೆ ಮಂಜಿನೊಂದಿಗೆ ಬೆರೆತು ಚಾಲಕರ ಕಣ್ಣು ಕಟ್ಟಿತೆಂಬ ಆರೋಪದ ಮೇಲೆ ಪ್ರದರ್ಶನ ನಡೆಸಿಕೊಟ್ಟವರ ವಿರುದ್ಧ ಸ್ಥಳೀಯ ಕೌನ್ಸಿಲ್ಲೇ ಸುರಕ್ಷತಾ ಕಾನೂನಿನಡಿ ಮೊಕದ್ದಮೆ ಹೂಡಿತು. 2013ರ ಡಿಸೆಂಬರ್‌ನಲ್ಲಿ ಬ್ರಿಸ್ಟಲ್ ನ್ಯಾಯಾಲಯದಲ್ಲಿ ನ್ಯಾಯಾಧೀಶರ ನಿರ್ದೇಶನದಂತೆ ಅವರು ನಿರ್ದೋಷಿಯೆಂದು ಬಿಡುಗಡೆಯಾದರು. ಹೊಗೆ ಹೀಗೆ ಹೆದ್ದಾರಿಗೆ ಇಳಿದು ಮಂಜಿನಂತಾದೀತು ಎಂದು ಮುಂಗಾಣುವುದು ಅವರಿಂದ ಸಾಧ್ಯವಿತ್ತೇ ಎಂಬುದರ ಮೇಲೆ ಇಡೀ ವಾದ ನಿಂತಿತ್ತು. ಸೂಚನಾಪತ್ರದ ಬೆಲೆ ಅದನ್ನು ಓದುವವರಿಗೆ ಏನು ಕೇಳಬೇಕೆಂದು ಗೊತ್ತಿದ್ದಷ್ಟೇ.

ಎಷ್ಟು ದಿನ ಮೊದಲು?

ಪೂರ್ವಸೂಚನೆಯ ಚರ್ಚೆಗಳಲ್ಲಿ ದಿನಗಳ ಸಂಖ್ಯೆ ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತದೆ: ಏಳೋ, ಹದಿನಾಲ್ಕೋ, ಇಪ್ಪತ್ತೆಂಟೋ. ಸೂಚನೆ ಸಿಕ್ಕವರು ಅದನ್ನಿಟ್ಟುಕೊಂಡು ಏನು ಮಾಡುತ್ತಾರೆ ಎಂದು ಕೇಳಿದರೆ ಸಂಖ್ಯೆ ತಾನಾಗಿ ಹೊರಬರುತ್ತದೆ.

ಸದ್ದಿಗೆ ನಡುಗುವ ನಾಯಿಗೆ ಪಶುವೈದ್ಯರು ಔಷಧಿ ಬರೆದುಕೊಡಬಲ್ಲರು. ಅದಕ್ಕೆ ವೈದ್ಯರ ಸಮಯ ಸಿಗಬೇಕು, ಕೆಲವೊಮ್ಮೆ ಮೊದಲು ಒಂದು ಸಣ್ಣ ಪ್ರಮಾಣ ಕೊಟ್ಟು ನೋಡಬೇಕು. ಒಂದು ವಾರ ಸಾಲದು, ಎರಡು ವಾರ ಬೇಕು. ಸಿಡಿತದ ಧ್ವನಿಮುದ್ರಣವನ್ನು ಮೆಲ್ಲಗೆ ಕೇಳಿಸುತ್ತ ನಾಯಿಯನ್ನು ಒಗ್ಗಿಸುವ ವಿಧಾನಕ್ಕೆ ತಿಂಗಳುಗಳೇ ಬೇಕು, ಅದಕ್ಕೆ ಯಾವ ಸೂಚನೆಯೂ ಸಾಲುವುದಿಲ್ಲ. ಕುದುರೆಯ ಸಂಗತಿ ಬೇರೆ. ಬೆದರಿದ ಕುದುರೆ ಬೇಲಿಗೆ ಹಾಯುತ್ತದೆ, ರಸ್ತೆಗೆ ಓಡುತ್ತದೆ. ಅದನ್ನು ಬೇರೆ ಲಾಯಕ್ಕೆ ಸಾಗಿಸಬೇಕಾದರೆ ಜಾಗ ಹುಡುಕಬೇಕು, ವಾಹನ ಗೊತ್ತುಮಾಡಬೇಕು. ಸಾಗಿಸದೆ ಉಳಿದವರಿಗೆ ಆ ಸಂಜೆ ಲಾಯದಲ್ಲೇ ಇರಬೇಕೆಂದು ತಿಳಿದರೆ ಸಾಕು. ಎರಡು ದಿನ ಮೊದಲು ಹೇಳಿದರೂ ನಡೆಯುತ್ತದೆ. ಯುದ್ಧಭೂಮಿಯಿಂದ ಮರಳಿದ ಸೈನಿಕರಲ್ಲಿ ಹಲವರು ಹೇಳುವುದು ಇನ್ನೂ ಸರಳ: ಸದ್ದು ಬರುವುದೆಂದು ಗೊತ್ತಿದ್ದರೆ ತಡೆದುಕೊಳ್ಳಬಲ್ಲೆವು, ಗೊತ್ತಿಲ್ಲದೆ ಬಂದದ್ದು ಕಷ್ಟ. ಅವರಿಗೆ ದಿನಗಳಿಗಿಂತ ಗಂಟೆ ನಿಮಿಷ ಮುಖ್ಯ. ಸದ್ದನ್ನು ಸಹಿಸಲಾಗದ ಆಟಿಸಂ ಇರುವ ಮಗುವಿನ ತಾಯಿತಂದೆಯರಿಗೂ ಅಷ್ಟೇ: ಏಳೂಕಾಲಕ್ಕೆ ಶುರು, ಏಳೂ ಮೂವತ್ತೈದಕ್ಕೆ ಮುಗಿಯುತ್ತದೆ ಎಂದು ಮಗುವಿಗೆ ಗಡಿಯಾರ ತೋರಿಸಿ ಹೇಳಬಹುದು.

ಹೀಗೆ ನೋಡಿದರೆ ಒಳ್ಳೆಯ ಸೂಚನೆ ಎರಡು ಕಂತಿನದಾಗಿರಬೇಕು. ಎರಡು ವಾರ ಮೊದಲು ದಿನಾಂಕ, ಎರಡು ದಿನ ಮೊದಲು ನಿಖರ ವೇಳೆ. ಸಾಮಾನ್ಯವಾಗಿ ಹಂಚುವ ಕರಪತ್ರ ಹೇಗಿರುತ್ತದೆ? ‘ಶನಿವಾರ ಸಂಜೆ ಮೈದಾನದಲ್ಲಿ ಭವ್ಯ ಸಿಡಿಮದ್ದು ಪ್ರದರ್ಶನ, ಗೇಟು 5 ಗಂಟೆಗೆ ತೆರೆಯುತ್ತದೆ.’ ಇದು ಟಿಕೆಟ್ ಕೊಳ್ಳುವವರಿಗೆ ಬರೆದದ್ದು. ಮನೆಯಲ್ಲಿ ಉಳಿಯುವವರಿಗೆ ಗೇಟು ತೆರೆಯುವ ಹೊತ್ತು ಕಟ್ಟಿಕೊಂಡು ಏನಾಗಬೇಕು? ಮೊದಲ ಗುಂಡು ಎಷ್ಟಕ್ಕೆ, ಕೊನೆಯ ಗುಂಡು ಎಷ್ಟಕ್ಕೆ, ಜೋರು ಸದ್ದಿನ ಗುಂಡುಗಳಿವೆಯೇ ಅಥವಾ ಬಣ್ಣವೇ ಹೆಚ್ಚೋ, ಆ ಸಂಜೆ ಫೋನ್ ಎತ್ತುವವರು ಯಾರು ಎಂಬುದು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಗಾಳಿ ಮಳೆಯಿಂದ ರದ್ದಾದರೆ ಮುಂದಿನ ದಿನ ಯಾವುದು ಎಂಬುದು ಬೇಕು. ನವೆಂಬರ್‌ನ ಇಂಗ್ಲೆಂಡಿನಲ್ಲಿ ಗಾಳಿ ಅಪರೂಪದ ಅತಿಥಿಯಲ್ಲ. ಶನಿವಾರಕ್ಕೆ ನಾಯಿಗೆ ಮಾತ್ರೆ ನುಂಗಿಸಿ ಕಾದು ಕೂತವರಿಗೆ ಪ್ರದರ್ಶನ ಭಾನುವಾರಕ್ಕೆ ಹೋದದ್ದು ಗೊತ್ತಾಗುವುದು ಭಾನುವಾರದ ಮೊದಲ ಸಿಡಿತಕ್ಕೆ.

ಹಕ್ಕಿಗಳಿಗೆ ಕರಪತ್ರ ಹಂಚಲಾಗದು ಎಂಬುದನ್ನೂ ಒಪ್ಪಿಕೊಳ್ಳಬೇಕು. ನೆದರ್ಲೆಂಡ್ಸ್‌ನ ಹವಾಮಾನ ರೇಡಾರ್‌ಗಳಲ್ಲಿ ಹೊಸ ವರ್ಷದ ಮಧ್ಯರಾತ್ರಿ ಸಾವಿರಾರು ಹಕ್ಕಿಗಳು ಒಮ್ಮೆಗೇ ಎದ್ದು ಸುಮಾರು 500 ಮೀಟರ್ ಎತ್ತರಕ್ಕೆ ಹಾರುವುದು ಕಂಡಿದೆ. ಸೂಚನೆಯಿಂದ ಪರಿಹಾರವಾಗುವುದು ಮನುಷ್ಯರ ಕಾಳಜಿಯಲ್ಲಿರುವ ಜೀವಗಳ ಕಷ್ಟ ಮಾತ್ರ.

ಡೆಸಿಬಲ್‌ನ ದಾರಿ

ಸೂಚನೆಯ ತಾಪತ್ರಯವೇ ಬೇಡ, ಸದ್ದನ್ನೇ ಇಳಿಸಿಬಿಡೋಣ ಎನ್ನುವ ವಾದವೂ ಜೋರಾಗಿದೆ. 2024ರಲ್ಲಿ ಸಂಸದೆ ಸಾರಾ ಓವೆನ್ ಮಂಡಿಸಿದ ಖಾಸಗಿ ಮಸೂದೆ 120 ಡೆಸಿಬಲ್ ಮಿತಿಯನ್ನು 90ಕ್ಕೆ ಇಳಿಸಲು ಕೇಳಿತು. ಡೆಸಿಬಲ್ ಲೆಕ್ಕದಲ್ಲಿ 30ರ ಇಳಿಕೆಯೆಂದರೆ ಧ್ವನಿಯ ಶಕ್ತಿ ಸಾವಿರದಲ್ಲೊಂದು ಪಾಲಿಗೆ ಬಂದಂತೆ. ಅದು ಸಣ್ಣ ಬದಲಾವಣೆಯಲ್ಲ. ಆದರೆ ಈ 120ರ ಮಿತಿ ಇರುವುದೇ ಅಂಗಡಿಯಲ್ಲಿ ಸಾರ್ವಜನಿಕರಿಗೆ ಮಾರುವ ಪಟಾಕಿಗೆ. ದೊಡ್ಡ ಪ್ರದರ್ಶನಗಳಲ್ಲಿ ಪರಿಣತರು ಮಾತ್ರ ಬಳಸುವ ಎಫ್4 ವರ್ಗದ ಮದ್ದಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಸದ್ದು ಮನುಷ್ಯರ ಆರೋಗ್ಯಕ್ಕೆ ಹಾನಿಕರವಾಗಿರಬಾರದು ಎಂಬ ಒಂದು ಸಾಲು ಅದಕ್ಕೆ ಸಾಕಾಗಿದೆ. ಹಾಗಾಗಿ ಮಾರಾಟದ ಮಿತಿ 90ಕ್ಕೆ ಇಳಿದರೂ ದೊಡ್ಡ ಸಾರ್ವಜನಿಕ ಪ್ರದರ್ಶನದ ಸದ್ದು ಇದ್ದಲ್ಲೇ ಇರುತ್ತದೆ. ಅಲ್ಲಿ ಉಳಿಯುವ ಉಪಾಯ ಪೂರ್ವಸೂಚನೆಯೊಂದೇ.

ಸ್ಕಾಟ್ಲೆಂಡ್ ಬೇರೆ ದಾರಿ ಹಿಡಿದಿದೆ. 2022ರ ತನ್ನ ಕಾಯ್ದೆಯಲ್ಲಿ ಕೌನ್ಸಿಲ್‌ಗಳಿಗೆ ಪಟಾಕಿ ನಿಯಂತ್ರಣ ವಲಯ ಘೋಷಿಸುವ ಅಧಿಕಾರ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಎಡಿನ್‌ಬರೊ ಮೊದಲ ಬಾರಿಗೆ ಅದನ್ನು ಬಳಸಿತು. ವಲಯದೊಳಗೆ ಸ್ವಂತ ಹಿತ್ತಿಲಲ್ಲೂ ಪಟಾಕಿ ಹೊಡೆಯುವಂತಿಲ್ಲ. ಪರಿಣತರು ನಡೆಸುವ ಸಾರ್ವಜನಿಕ ಪ್ರದರ್ಶನಕ್ಕೆ ಮಾತ್ರ ಅವಕಾಶ. ಅದೇ ತಿಂಗಳು ಎಡಿನ್‌ಬರೊ ಮೃಗಾಲಯದಲ್ಲಿ ರಾಕ್ಸಿ ಎಂಬ ಮೂರು ತಿಂಗಳ ಕೆಂಪು ಪಾಂಡಾ ಮರಿ ವಾಂತಿ ಗಂಟಲಿಗೆ ಸಿಕ್ಕಿ ಸತ್ತಿತು. ಪಟಾಕಿ ಸದ್ದಿನ ಒತ್ತಡಕ್ಕೆ ಅದು ಹಾಗೆ ಮಾಡಿಕೊಂಡಿರಬೇಕೆಂದು ಮೃಗಾಲಯದ ವೈದ್ಯರು ಅಭಿಪ್ರಾಯಪಟ್ಟರು. ಅದರ ತಾಯಿ ಐದು ದಿನ ಮೊದಲಷ್ಟೇ ತೀರಿಕೊಂಡಿತ್ತು. ನಗರದ ಮೂಲೆಮೂಲೆಯಲ್ಲಿ ಯಾರ್‍ಯಾರೋ ಹೊಡೆಯುವ ಪಟಾಕಿಗೆ ಯಾವ ಸೂಚನಾ ನಿಯಮವೂ ಕಡಿವಾಣ ಹಾಕಲಾರದು. ಸಾರ್ವಜನಿಕ ಪ್ರದರ್ಶನದ ಗುಣವೇ ಇದಕ್ಕೆ ತದ್ವಿರುದ್ಧ. ತಿಂಗಳುಗಳ ಮೊದಲೇ ಅದರ ದಿನ ಗೊತ್ತಾಗಿರುತ್ತದೆ, ಗುತ್ತಿಗೆದಾರರಿಗೆ ಮುಂಗಡ ಹೋಗಿರುತ್ತದೆ, ಟಿಕೆಟ್ ಅಚ್ಚಾಗಿರುತ್ತದೆ. ಹೇಳುವುದು ಸುಲಭವಾಗಿರುವ ಜಾಗದಲ್ಲೇ ಹೇಳುವ ಬಾಧ್ಯತೆ ಇಲ್ಲದಿರುವುದು ನನಗೆ ಅರ್ಥವಾಗದ ಸಂಗತಿ.

ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿ ಈ ಬಾಧ್ಯತೆ ಕಾನೂನಿನಲ್ಲೇ ಇದೆ. ಸಾಮಾನ್ಯ ಜನ ಅಲ್ಲಿ ಆಕಾಶಬಾಣ ಕೊಳ್ಳುವಂತಿಲ್ಲ. ಪರವಾನಗಿ ಪಡೆದ ಪರಿಣತರು ಪ್ರದರ್ಶನಕ್ಕೆ ಕನಿಷ್ಠ 7 ದಿನ ಮೊದಲು ಕೆಲಸದ ಸುರಕ್ಷತೆ ನೋಡಿಕೊಳ್ಳುವ ವರ್ಕ್‌ಸೇಫ್ ಸಂಸ್ಥೆಗೆ, ಅಗ್ನಿಶಾಮಕ ಸೇವೆಗೆ, ಸ್ಥಳೀಯ ಕೌನ್ಸಿಲ್‌ಗೆ ತಿಳಿಸಬೇಕು. ಬ್ರಿಟನ್ನಿಗಿಂತ ಇದು ಬಹಳ ಬಿಗಿ. ಆದರೂ ಸೂಚನೆ ಹೋಗುವುದು ಮೇಲಕ್ಕೇ; ಕೌನ್ಸಿಲ್ ಅದನ್ನು ತನ್ನ ಜಾಲತಾಣದಲ್ಲಿ ಹಾಕಿದರೆ ಊರಿಗೆ ಗೊತ್ತು, ಕಡತದಲ್ಲಿಟ್ಟರೆ ಕಡತಕ್ಕೆ ಗೊತ್ತು. ಅದೇ ದೇಶದ ನಾರ್ದರ್ನ್ ಟೆರಿಟರಿಯಲ್ಲಿ ಜುಲೈ 1ರ ಸಂಜೆ 6ರಿಂದ 11ರವರೆಗೆ ಜನಸಾಮಾನ್ಯರೂ ಪಟಾಕಿ ಹೊಡೆಯಬಹುದು. ಅಂದು ಕಿವಿಗಡಚಿಕ್ಕುವ ಸದ್ದು, ಆದರೆ ದಿನ ಮತ್ತು ಹೊತ್ತು ಎಲ್ಲರಿಗೂ ಗೊತ್ತಿರುವುದರಿಂದ ಪ್ರತ್ಯೇಕ ಸೂಚನೆಯ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಆಕ್ಷೇಪಗಳು, ಮತ್ತು ಕಪಾಟಿನಲ್ಲಿರುವ ಅಧಿಕಾರ

ಕಡ್ಡಾಯ ಸೂಚನೆಗೆ ವಿರೋಧವೂ ಇದೆ, ಅದು ಪೂರ್ತಿ ಹುರುಳಿಲ್ಲದ್ದಲ್ಲ. ಪ್ರದರ್ಶನ ನಡೆಸುವವರಲ್ಲಿ ದೊಡ್ಡ ಪಾಲು ಸ್ವಯಂಸೇವಕರು. ಇನ್ನೊಂದು ಅರ್ಜಿ, ಇನ್ನೊಂದು ಶುಲ್ಕ ಎಂದಾದರೆ ಶಾಲೆಯ ಪೋಷಕರ ಸಂಘ ಕೈಚೆಲ್ಲುತ್ತದೆ, ಜನ ಮೈದಾನ ಬಿಟ್ಟು ಹಿತ್ತಿಲಿಗೆ ಹೋಗುತ್ತಾರೆ, ಗಾಯ ಹೆಚ್ಚುತ್ತದೆ ಎಂಬುದು ಅವರ ಮಾತು. ಅನುಮತಿ ಪದ್ಧತಿಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಬರೀ ಸೂಚನೆಗೆ ಅಷ್ಟು ಅನ್ವಯಿಸದು. ದಿನಾಂಕ, ಜಾಗ, ವೇಳೆ, ಬದಲಿ ದಿನಾಂಕ, ಫೋನ್ ಸಂಖ್ಯೆ: ಐದು ಅಂಕಣದ ಒಂದು ಆನ್‌ಲೈನ್ ನಮೂನೆಗೆ ಶುಲ್ಕ ಇಡಬೇಕಾದ ಕಾರಣವೇ ಇಲ್ಲ. ಸ್ವಯಂಸೇವಕರ ಬಗ್ಗೆ ಇನ್ನೊಂದು ಮಾತಿದೆ. ನೌಕರರೇ ಇಲ್ಲದ, ಪೂರ್ತಿ ಸ್ವಯಂಸೇವಕರೇ ನಡೆಸುವ ಪ್ರದರ್ಶನಕ್ಕೆ 1974ರ ಕೆಲಸದ ಸುರಕ್ಷತಾ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದೇ ಇಲ್ಲ. ಯಾರಿಗೂ ಹೇಳದೆ ನಡೆಯುವ ಸಾಧ್ಯತೆ ಅತಿ ಹೆಚ್ಚಿರುವುದು ಇಂಥವೇ.

2019ರಲ್ಲಿ ಬ್ರಿಟಿಷ್ ಸಂಸತ್ತಿನ ಅರ್ಜಿಗಳ ಸಮಿತಿ ಲಕ್ಷಾಂತರ ಸಹಿಗಳ ಮನವಿಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಮಾರಾಟ ನಿಷೇಧ ಬೇಡವೆಂದಿತು. ಆದರೆ ಸ್ಥಳೀಯವಾಗಿ ಅಗತ್ಯ ಕಂಡಲ್ಲಿ ಪ್ರದರ್ಶನಗಳಿಗೆ ಕಡ್ಡಾಯ ಪರ್ಮಿಟ್ ಪದ್ಧತಿಯನ್ನು ಒಂದು ಕೌನ್ಸಿಲ್‌ನಲ್ಲಿ ಪ್ರಯೋಗ ಮಾಡಿ ನೋಡಿ ಎಂದು ಶಿಫಾರಸು ಮಾಡಿತು. ಸರ್ಕಾರ ಒಪ್ಪಲಿಲ್ಲ.

ಒಪ್ಪದಿದ್ದುದಕ್ಕೆ ಕಾನೂನಿನ ಅಭಾವ ಕಾರಣವಲ್ಲ. 2003ರ ಫೈರ್‌ವರ್ಕ್ಸ್ ಕಾಯ್ದೆಯಲ್ಲೇ ಸಾರ್ವಜನಿಕ ಸಿಡಿಮದ್ದು ಪ್ರದರ್ಶನಗಳೆಂಬ ಪ್ರತ್ಯೇಕ ಕಲಮು ಇದೆ. ಷರತ್ತುಗಳನ್ನು ಪಾಲಿಸದೆ ಪ್ರದರ್ಶನ ನಡೆಸುವಂತಿಲ್ಲ ಎಂದು ನಿಯಮ ಮಾಡುವ ಅಧಿಕಾರವನ್ನು ಅದು ಮಂತ್ರಿಗೆ ಕೊಟ್ಟಿದೆ. ಮರುವರ್ಷ ಬಂದ 2004ರ ನಿಯಮಗಳು ವಯಸ್ಸು, ಹೊತ್ತು, ಸದ್ದು, ಮಾರಾಟ ಎಲ್ಲವನ್ನೂ ಮುಟ್ಟಿದವು, ಈ ಕಲಮನ್ನು ಮಾತ್ರ ಮುಟ್ಟಲಿಲ್ಲ. ಎರಡು ದಶಕಗಳಿಂದ ಅಧಿಕಾರ ಕಪಾಟಿನಲ್ಲಿ ಮಡಿಸಿಟ್ಟಂತಿದೆ. ಸರ್ಕಾರಕ್ಕೆ ಪತ್ರ ಬರೆಯುವ ಕೌನ್ಸಿಲ್‌ಗಳು ಡೆಸಿಬಲ್‌ಗಾಗಿ ಹೊಸ ಕಾನೂನು ಬೇಡುವುದರ ಜೊತೆಗೆ ಇರುವ ಈ ಕಲಮಿನಡಿ ನಿಯಮ ಮಾಡಿ ಎಂದು ಕೇಳಿದರೆ ಬೇಡಿಕೆ ಇನ್ನಷ್ಟು ಚೂಪಾಗುತ್ತದೆ.

ಲಂಡನ್ನಿನಿಂದ ಉತ್ತರ ಬರುವವರೆಗೆ ಕೌನ್ಸಿಲ್‌ಗಳು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಮೈದಾನದ ಬಾಡಿಗೆ ಕರಾರಿಗೆ ಒಂದು ಷರತ್ತು ಸೇರಿಸಬಹುದು: ಹದಿನಾಲ್ಕು ದಿನ ಮೊದಲು ಇಂತಿಷ್ಟು ದೂರದೊಳಗಿನ ಮನೆಗಳಿಗೆ, ಲಾಯಗಳಿಗೆ, ವೃದ್ಧಾಶ್ರಮಗಳಿಗೆ ಪತ್ರ; ತಪ್ಪಿದರೆ ಠೇವಣಿ ಮುಟ್ಟುಗೋಲು. ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ ತಾತ್ಕಾಲಿಕ ಸೂಚನಾಪತ್ರಗಳ ನೋಂದಣಿ ಪುಸ್ತಕವನ್ನು ಪ್ರತಿ ಕೌನ್ಸಿಲ್ಲೂ ಸಾರ್ವಜನಿಕರ ಪರಿಶೀಲನೆಗೆ ಇಡಲೇಬೇಕು. ಅದು ಈಗಾಗಲೇ ಇದೆ. ಅರ್ಜಿಯ ಜೊತೆಗೆ, ಸಿಡಿಮದ್ದು ಉಂಟೇ, ಎಷ್ಟು ಹೊತ್ತಿಗೆ ಎಂದು ತಾವಾಗಿಯೇ ಕೇಳಿ ಬಂದ ಉತ್ತರವನ್ನು ಆ ಪಟ್ಟಿಯ ಪಕ್ಕದಲ್ಲಿ ಪ್ರಕಟಿಸಲು ಯಾವ ಮಂತ್ರಿಯ ಸಹಿಯೂ ಬೇಡ. ಉತ್ತರ ಕೊಡದವರ ಹೆಸರಿನ ಮುಂದೆ ‘ಮಾಹಿತಿ ಕೊಟ್ಟಿಲ್ಲ’ ಎಂದು ಬರೆದರೆ ಹೆಚ್ಚಿನವರು ಮುಂದಿನ ವರ್ಷ ಕೊಡುತ್ತಾರೆ. ಖಾಸಗಿ ಹೋಟೆಲಿನ ಜೂನ್ ತಿಂಗಳ ಬಾನಬಿರುಸು ಇದರಿಂದಲೂ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಫೈರ್‌ವರ್ಕ್ಸ್ ಕಾಯ್ದೆಯ ಆ ಕಲಮೇ ಬೇಕು.